ಬಾತುಕೋಳಿ ತನ್ನ ಭಾರಕ್ಕೆ ಕೂತದ್ದು

ಆ ಭಾನುವಾರ ಬೆಳಿಗ್ಗೆ ಮೋಡ ಕವಿದಿತ್ತು, ಆದರೆ ಮಳೆ ಸುರಿಸುವ ಮೋಡವಲ್ಲ. ರಾತ್ರಿ ಉದುರಿದ್ದ ನಾಲ್ಕು ಹನಿ ಅಂಗಳದ ಸಿಮೆಂಟಿನ ಮೇಲೆ ಇನ್ನೂ ಆರಿರಲಿಲ್ಲ. ಗಾಳಿಯೆಂಬುದು ಎಲ್ಲಿಗೋ ಹೋಗಿ ಕೂತುಬಿಟ್ಟಿತ್ತು. ಹಗ್ಗದ ಮೇಲಿನ ಬಟ್ಟೆ ಗೋಡೆಯ ಮೇಲೆ ಬರೆದ ಚಿತ್ರದ ಹಾಗೆ ನಿಂತಿತ್ತು. ಬಿಸಿಲೂ ಇಲ್ಲ, ಚಳಿಯೂ ಇಲ್ಲ, ಎಲೆಯೂ ಅಲುಗುವುದಿಲ್ಲ. ಇಂಥ ದಿನವನ್ನು ದೇವರು ಯಾವುದೋ ಕೆಲಸಕ್ಕೆಂದೇ ಎತ್ತಿಟ್ಟಿರುತ್ತಾನೆ. ಯಾವ ಕೆಲಸಕ್ಕೆ ಎಂಬುದು ನಮಗೆ ತಡವಾಗಿ ತಿಳಿಯುತ್ತದೆ, ಅಷ್ಟೆ.

ಅಂಗಳದ ನಡುವೆ ಒಂದು ಹಳೆಯ ಕಾರು ಹಿಂಭಾಗವನ್ನು ಮೇಲೆತ್ತಿಕೊಂಡು ಎರಡು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಿಂತಿತ್ತು. ಮುಂದಿನ ಚಕ್ರಗಳಿಗೆ ಮರದ ತುಂಡುಗಳ ಅಡ್ಡ. ಹಿಂದಿನ ಚಕ್ರಗಳನ್ನು ಕಳಚಿ ಕಾರಿನ ಹೊಟ್ಟೆಯ ಕೆಳಗೇ ಮಲಗಿಸಿಟ್ಟಿತ್ತು. ಒಂದು ವೇಳೆ ಸ್ಟ್ಯಾಂಡು ಕೈಕೊಟ್ಟರೂ ಗಾಡಿ ಚಕ್ರದ ಮೇಲೆ ಬೀಳಲಿ, ಮನುಷ್ಯರ ಮೇಲೆ ಬೇಡ ಎಂದು. ಕಾರಿನಡಿಯಿಂದ ಎರಡು ಪಾದ ಹೊರಗೆ ಕಾಣುತ್ತಿದ್ದವು. ಪಾದ ಸೊಸೆಯದು.

ದೂರದಲ್ಲಿ, ಬಾಗಿಲ ಪಕ್ಕ, ತಾವೇ ಮಾಡಿದ ಕುರ್ಚಿಯ ಮೇಲೆ ಮಾವ ಕೂತಿದ್ದರು. ಆಯುಷ್ಯವಿಡೀ ಬಡಗಿಯ ಕೆಲಸ ಮಾಡಿದವರು. ಆ ಬೀದಿಯ ಅರ್ಧದಷ್ಟು ಬಾಗಿಲುಗಳು ಅವರ ಕೈಯಲ್ಲೇ ಹುಟ್ಟಿದ್ದವು. ಅವರ ಅಂಗಿಯ ಜೇಬಿನಲ್ಲಿ ಆ ಕಾರಿನ ಕೀ ಇತ್ತು. ಕಾರು ಮಾತ್ರ ಅವರದಲ್ಲ, ಸೊಸೆಯದು.

ಕೀ ಅವರ ಜೇಬು ಸೇರಿದ ಕಥೆಯನ್ನು ಮೊದಲು ಹೇಳಿಬಿಡಬೇಕು.

ಸೊಸೆ ನರ್ಸು. ಮೊದಲು ಮೂಳೆ ಡಾಕ್ಟರ ಆಪರೇಷನ್ ಕೋಣೆಯಲ್ಲಿದ್ದಳು. ಈಗ ಹೆರಿಗೆಯಾಗಿ ಮನೆಗೆ ಹೋದ ತಾಯಂದಿರನ್ನೂ ಕೂಸುಗಳನ್ನೂ ಮನೆಮನೆಗೆ ಹೋಗಿ ನೋಡಿಬರುವ ಕೆಲಸ. ಊರಾಚೆಯ ಮನೆಗಳು, ಬಸ್ಸು ಹೋಗದ ದಾರಿಗಳು. ಸ್ವಂತ ಗಾಡಿ ಇದ್ದವರಿಗೆ ಮಾತ್ರ ಆ ಕೆಲಸ ಕೊಡುತ್ತಿದ್ದರು. ಅದಕ್ಕೆಂದೇ ತನ್ನ ದುಡಿಮೆಯಲ್ಲಿ ಈ ಹಳೆಯ ಕಾರನ್ನು ಕೊಂಡಿದ್ದಳು. ಕೂಸನ್ನು ತೂಗುವ ತಕ್ಕಡಿ ಹಿಂದಿನ ಸೀಟಿನಲ್ಲಿ ಸದಾ ಬೆಲ್ಟು ಕಟ್ಟಿಕೊಂಡು ದೊಡ್ಡ ಮನುಷ್ಯನ ಹಾಗೆ ಕೂತಿರುತ್ತಿತ್ತು. ಸಂಜೆ ಮನೆಗೆ ಬಂದವಳು ಕೈತೊಳೆಯುವ ಮುಂಚೆಯೇ ಸುದ್ದಿ ಹೇಳುತ್ತಿದ್ದಳು: ಯಾವ ಕೂಸು ತೂಕ ಹಾಕಿತು, ಯಾವುದು ನಕ್ಕಿತು, ಯಾವುದು ಅವಳ ಮೈಮೇಲೆ ಉಚ್ಚೆ ಹೊಯ್ದಿತು. ಅತ್ತೆಗೆ ಅದೇ ದಿನದ ಹರಿಕಥೆ.

ಆ ಕಾರಿಗೆ ಒಂದು ಚಾಳಿಯಿತ್ತು. ಹಿಂದಿನ ಚಕ್ರಗಳ ತಲೆ ಒಳಕ್ಕೆ ವಾಲಿ, ಪಾದ ಹೊರಕ್ಕೆ ಚಾಚಿ, ತಿರುವು ಬಂದರೆ ಹಿಂಭಾಗ ಅತ್ತಿತ್ತ ಕುಲುಕುತ್ತಿತ್ತು. ಮಾವ ಅದಕ್ಕೆ ಬಾತುಕೋಳಿ ಎಂದು ಹೆಸರಿಟ್ಟರು. ಹೆಸರು ಬೀದಿಗೆಲ್ಲ ಅಂಟಿಕೊಂಡಿತು.

ಅತ್ತೆಯ ಕಣ್ಣಿನ ಪೊರೆ ತೆಗೆಸಿಕೊಂಡು ಬರುವ ದಿನ, ಸೇತುವೆಯ ಹತ್ತಿರದ ತಿರುವಿನಲ್ಲಿ, ಒದ್ದೆ ರಸ್ತೆಯಲ್ಲಿ, ಬಾತುಕೋಳಿಯ ಹಿಂಭಾಗ ತನ್ನ ಪಾಡಿಗೆ ತಾನು ಹೊರಟುಬಿಟ್ಟಿತು. ಗಾಡಿ ಒಂದು ಸುತ್ತು ಹಾಕಿ ಬಂದ ದಾರಿಗೇ ಮುಖಮಾಡಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ, ದೇವರ ದಯೆ. ಆದರೆ ಹಿಂದಿನ ಸೀಟಿನಲ್ಲಿದ್ದ ಮಾವ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಹೆಂಡತಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡವರು ಮನೆಯವರೆಗೂ ಬಿಡಲಿಲ್ಲ. ತೆವಳಿಕೊಂಡು ಅಂಗಳ ಸೇರಿದ ಮೇಲೆ ಅವರು ಇಳಿದು, ಮುಂದೆ ಬಂದು, ಕಿಟಕಿಯೊಳಗೆ ಕೈಹಾಕಿ ಕೀ ತೆಗೆದು ಜೇಬಿಗೆ ಹಾಕಿಕೊಂಡರು.

"ಈ ಬಾತುಕೋಳಿ ಇನ್ನು ಈ ಅಂಗಳ ದಾಟಲ್ಲ."

ಸೊಸೆ ಇಳಿದು, ಅತ್ತೆಯ ಕೈಹಿಡಿದು ಒಳಗೆ ಕರೆದುಕೊಂಡು ಹೋದಳು.

ಮರುದಿನ ಗ್ಯಾರೇಜಿನವನು ಬಂದು ಕಾರಿನಡಿಗೆ ಬಗ್ಗಿ ನೋಡಿ ಹೇಳಿದ: "ಹಿಂದಿನ ಚಕ್ರನ ಗಾಡಿ ಮೈಗೆ ಹಿಡಿದಿಡೋ ಆರ್ಮ್ ಇದೆಯಲ್ಲ ಮೇಡಂ, ತೋಳು ಇದ್ದ ಹಾಗೆ, ಎರಡೂ ಕಡೆದು ಬಗ್ಗಿದೆ. ಒಳಗಿನ ರಬ್ಬರ್ ಬುಷ್ ಹರಿದುಹೋಗಿದೆ. ಈ ಮಾಡೆಲ್‌ಗೆ ಕಂಪನಿಯವರು ಈಗ ಮಾಡಲ್ಲ. ಹೊರಗಿನವರು ಮಾಡಿದ್ದು ಸಿಗುತ್ತೆ. ಒಂದು ರೀತಿ ಅದೇ ವಾಸಿ, ಉದ್ದ ಹೆಚ್ಚುಕಡಿಮೆ ಮಾಡ್ಕೋಬಹುದು. ಆದ್ರೆ ನಮ್ಮಲ್ಲಿ ಈ ತಿಂಗಳು ಗಾಡಿ ನಿಲ್ಲಿಸೋಕೂ ಜಾಗ ಇಲ್ಲ."

ಆಸ್ಪತ್ರೆಯವರು ಮಾತ್ರ ತಿಂಗಳು ಕಾಯುವವರಲ್ಲ. ಸೋಮವಾರ ಗಾಡಿ ಸಮೇತ ಬಂದರೆ ಸರಿ. ಇಲ್ಲದಿದ್ದರೆ ಮನೆಮನೆಯ ಸುತ್ತು ಬೇರೊಬ್ಬರಿಗೆ, ಇವಳಿಗೆ ಔಷಧಿ ಉಗ್ರಾಣದಲ್ಲಿ ಹತ್ತಿ, ಪಟ್ಟಿ ಎಣಿಸುವ ಕೆಲಸ. ಒಮ್ಮೆ ಕೊಟ್ಟ ಸುತ್ತು ವಾಪಸ್ಸು ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಇತ್ತ ಮಾವ, ಪಕ್ಕದ ಮನೆಯ ಹಾರ್ನ್ ಮಾಮನ ಮೂಲಕ ಗುಜರಿಯವನೊಬ್ಬನಿಗೆ ಹೇಳಿಕಳಿಸಿದ್ದರು. ಭಾನುವಾರ ಸಂಜೆ ಬಂದು ಎಳೆದುಕೊಂಡು ಹೋಗುತ್ತೇನೆಂದು ಅವನು ಒಪ್ಪಿದ್ದ.

ಶನಿವಾರ, ಸೊಸೆ ಹೇಳಿ ತರಿಸಿದ್ದ ಹೊಸ ಆರ್ಮ್‌ಗಳು ಪೆಟ್ಟಿಗೆಯಲ್ಲಿ ಬಂದವು. ಸೊಸೆ ಪೆಟ್ಟಿಗೆಯನ್ನು ಮಾವನ ಮುಂದಿಟ್ಟು ಕೇಳಿದಳು: "ಮಾವಾ, ಹಾಕೋ ಕ್ರಮನ ಗ್ಯಾರೇಜಿನವರ ಹತ್ರ ಕೇಳಿ ತಿಳ್ಕೊಂಡಿದೀನಿ, ನಾಳೆ ಇದನ್ನ ನಾನೇ ಹಾಕ್ತೀನಿ. ಗಾಡಿ ಸರಿಹೋದ್ರೆ ಕೀ ಕೊಡ್ತೀರಾ?"

"ಸರಿಹೋಯ್ತು ಅಂತ ಹೇಳೋರ್ಯಾರು?"

"ನೀವೇ ಹೇಳಿ."

ಮಾವ ಸ್ವಲ್ಪ ಯೋಚಿಸಿದರು. "ಮಗ ಓಡಿಸ್ಲಿ. ನಾನು ಅವತ್ತು ಕೂತ ಕಡೇನೇ ಹಿಂದೆ ಕೂತ್ಕೋತೀನಿ. ಸೇತುವೆ ತಿರುವಿನ ತನಕ ಹೋಗಿಬರೋಣ. ನನ್ನ ಬೆನ್ನು ಒಪ್ಪಿದ್ರೆ ಕೀ ನಿಂದು. ಇಲ್ಲಾಂದ್ರೆ ಗುಜರಿಯವನದು."

"ಆಯ್ತು ಮಾವಾ," ಎಂದಳು ಅವಳು. ಹೀಗೆ ಆ ಭಾನುವಾರ ಬಂದಿತ್ತು.

ಅವಳು ಕೆಲಸ ಮಾಡುವುದನ್ನು ನೋಡುವುದೇ ಒಂದು ಪುಣ್ಯ. ಸಾಮಾನು ಹರಡುವುದರಲ್ಲೇ ಅವಳ ಹಳೆಯ ವಿದ್ಯೆ ಕಾಣುತ್ತಿತ್ತು. ತೊಳೆದ ಬಟ್ಟೆಯೊಂದನ್ನು ನೆಲಕ್ಕೆ ಹಾಸಿ, ಅದರ ಮೇಲೆ ಸಣ್ಣದರಿಂದ ದೊಡ್ಡದಕ್ಕೆ, ನಟ್ಟು ತಿರುಗಿಸುವ ಪಾನಾಗಳನ್ನು ಸಾಲಾಗಿ ಮಲಗಿಸಿದ್ದಳು. ಎಡಗಡೆಯ ಬೋಲ್ಟುಗಳಿಗೆ ಒಂದು ಸ್ಟೀಲ್ ತಟ್ಟೆ, ಬಲಗಡೆಯವಕ್ಕೆ ಇನ್ನೊಂದು. ಕಳಚಿದ ಪ್ರತಿ ಬೋಲ್ಟನ್ನೂ ಹಲ್ಲುಜ್ಜುವ ಹಳೆಯ ಬ್ರಶ್ಶಿನಲ್ಲಿ ಉಜ್ಜಿ, ಸುತ್ತುಗಳ ನಡುವಿನ ಮಣ್ಣು ತೆಗೆದು, ತಲೆ ಒಂದೇ ಕಡೆಗಿರುವಂತೆ ಇಡುತ್ತಿದ್ದಳು. ಮೂಳೆ ಡಾಕ್ಟರ ಕೋಣೆಯಲ್ಲಿ ಒಂದು ಸ್ಕ್ರೂ ಲೆಕ್ಕ ತಪ್ಪಿದರೂ ರೋಗಿಯ ಹೊಟ್ಟೆ ಹೊಲಿಯಲು ಬಿಡುವುದಿಲ್ಲವಲ್ಲ ಎಂದು ಅತ್ತೆ ಒಮ್ಮೆ ಹೇಳಿದ್ದಕ್ಕೆ ಸೊಸೆ ನಕ್ಕು, "ಮೂಳೆ ಡಾಕ್ಟರು ಹೊಟ್ಟೆ ಮುಟ್ಟಲ್ಲ ಅತ್ತೆ," ಎಂದಿದ್ದಳು.

ಒಳಗಿನ ಒಂದು ಬೋಲ್ಟು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಹಿಂದಿನ ಸಂಜೆಯೇ ಎಣ್ಣೆ ಬಿಟ್ಟು ನೆನೆಸಿದ್ದರೂ ಜಪ್ಪಯ್ಯ ಎನ್ನಲಿಲ್ಲ. ಕಾರಿನಡಿಯಿಂದ ಸೊಸೆಯ ದನಿ ಕೇಳುತ್ತಿತ್ತು.

"ಬಾ ಕಂದಾ... ಸ್ವಲ್ಪ ನೋವಾಗುತ್ತೆ, ಒಂದೇ ಕ್ಷಣ. ಉಸಿರು ಬಿಡು... ಹಾಂ, ಜಾಣ, ಜಾಣ..."

ಅದೇ ಹೊತ್ತಿಗೆ ಕಾಂಪೌಂಡಿನ ಮೇಲೆ ಒಂದು ತಲೆ ಮೂಡಿತು. ಹಾರ್ನ್ ಮಾಮ. ಬಸ್ ಡ್ರೈವರ್ ಆಗಿ ನಿವೃತ್ತನಾದ ಮನುಷ್ಯ. ಬಸ್ಸು ಬಿಟ್ಟಮೇಲೂ ದನಿಯಲ್ಲಿ ಹಾರ್ನ್ ಉಳಿದಿತ್ತು.

"ಏನಯ್ಯಾ ಬಡಗಿ, ಸೊಸೆ ಕಾರಿಗೆ ಹೆರಿಗೆ ಮಾಡಿಸ್ತಿದ್ದಾಳಾ?"

"ಮೆಲ್ಲಗೆ ಮಾತಾಡು, ಕೂಸು ಬೆಚ್ಚಿಬೀಳುತ್ತೆ," ಎಂದರು ಮಾವ, ಮುಖ ತಿರುಗಿಸದೆ.

"ಅಲ್ಲಯ್ಯಾ, ಗುಜರಿಗೆ ಹೋಗೋ ಗಾಡಿಗೆ ಹೊಸ ಕೈಕಾಲು ಯಾಕೆ? ಸಾಯೋನಿಗೆ ಹಲ್ಲು ಕಟ್ಟಿಸಿದ ಹಾಗೆ!"

ಬಾಗಿಲಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ ಅತ್ತೆ ಅಲ್ಲಿಂದಲೇ ಕೂಗಿದರು: "ನೀವು ಕಟ್ಟಿಸಿಕೊಂಡಿಲ್ವಾ ಹಾರ್ನ್ ಅಣ್ಣಾ?"

ಕಾರಿನಡಿಯಿಂದ ನಗು ಬಂತು. ಜೊತೆಗೇ 'ಕರಕ್' ಎಂದು ಒಂದು ಸದ್ದು. ಬೋಲ್ಟು ಬಿಟ್ಟುಕೊಟ್ಟಿತ್ತು. ಹಾರ್ನ್ ಮಾಮ ತನ್ನ ಕಟ್ಟಿಸಿದ ಹಲ್ಲು ತೋರಿಸಿ ನಕ್ಕು, ಒಳಗೆ ಹೋಗಿ ಒಂದು ಉದ್ದನೆಯ ಪಾನಾ ತಂದು ಕಾಂಪೌಂಡಿನ ಮೇಲಿಟ್ಟ. "ತಗೋ ತಾಯಿ. ನಮ್ಮ ಡಿಪೋದಲ್ಲಿ ನನಗೆ ಕೊಟ್ಟಿದ್ದು. ಟಾರ್ಕ್ ರೆಂಚು. ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ಇಟ್ಟರೆ, ಸಾಕು ಅನ್ನೋವಾಗ ಅದೇ 'ಟಕ್' ಅನ್ನುತ್ತೆ. ಮನುಷ್ಯರಿಗೂ ಇಂಥದ್ದೊಂದು ಇದ್ದಿದ್ರೆ!"

ಬೋಲ್ಟು ಬಂದಾಗ ಮಾವನ ಕುರ್ಚಿ ಬಾಗಿಲ ಪಕ್ಕ ಇತ್ತು. ಎರಡೂ ಹಳೆಯ ಆರ್ಮ್‌ಗಳು ಹೊರಬರುವ ಹೊತ್ತಿಗೆ ಅದು ಹೇಗೋ ಅಂಗಳದ ನಡುವಿಗೆ ಬಂದಿತ್ತು. ಕುರ್ಚಿ ನಡೆದದ್ದನ್ನು ಯಾರೂ ನೋಡಲಿಲ್ಲ.

ಸೊಸೆ ಹಳೆಯ ಆರ್ಮನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಟೇಪು ಹಿಡಿದಿದ್ದಳು. ಹೊಸದರ ನಡುವೆ ಒಂದು ತಿರುಗುವ ನಟ್ಟು. ತಿರುಗಿಸಿದರೆ ತೋಳು ಉದ್ದವಾಗುತ್ತದೆ, ಗಿಡ್ಡವಾಗುತ್ತದೆ. ಮೊದಲು ಹಳೆಯದರ ಅಳತೆಗೆ ತಂದುಕೊಂಡು, ಆಮೇಲೆ ಬೇಕಾದಷ್ಟು ಸರಿಪಡಿಸುವುದು ಲೆಕ್ಕ. ಆದರೆ ತುದಿಯ ತೂತಿನ ನಡುವಿನಿಂದ ಇನ್ನೊಂದು ತೂತಿನ ನಡುವಿಗೆ ಟೇಪು ಸರಿಯಾಗಿ ಕೂರುತ್ತಿರಲಿಲ್ಲ. ಬಗ್ಗಿದ ಹಳೆಯ ತೋಳಿನ ಮೇಲೆ ಅದು ಜಾರುತ್ತಿತ್ತು.

ಮಾವನಿಗೆ ತಡೆಯಲಾಗಲಿಲ್ಲ. "ಅಳತೆಗೆ ಅಂಕಿ ಯಾಕಮ್ಮಾ? ಅಂಕಿ ಬಾಯಿ ತಪ್ಪುತ್ತೆ, ಕಣ್ಣು ತಪ್ಪುತ್ತೆ. ಇರು."

ಒಳಗೆ ಹೋಗಿ ಒಂದು ಹಲಗೆ ತಂದರು. ಹಳೆಯ ಆರ್ಮನ್ನು ಅದರ ಮೇಲೆ ಮಲಗಿಸಿ, ಎರಡು ತೂತುಗಳ ಗಾತ್ರಕ್ಕೆ ಸರಿಯಾಗಿ ಎರಡು ಮರದ ಗೂಟ ಕೆತ್ತಿ, ತೂತಿನೊಳಗಿಂದ ಹಲಗೆಗೆ ಬಡಿದರು. ಹಳೆಯದನ್ನು ಎತ್ತಿದರೆ ಗೂಟಗಳು ಉಳಿದವು. ಸೊಸೆ ಹೊಸದರ ನಟ್ಟನ್ನು ಕಾಲು ಸುತ್ತು, ಅರ್ಧ ಸುತ್ತು ತಿರುಗಿಸುತ್ತಾ ಹೋದಳು. ಒಂದು ಗಳಿಗೆಯಲ್ಲಿ ಅದು ತಾನಾಗಿ ಎರಡು ಗೂಟಗಳ ಮೇಲೂ ಇಳಿದು ಕೂತಿತು, ಬಳೆ ಕೈಗೆ ಇಳಿದ ಹಾಗೆ.

"ಅಯ್ಯೋ, ಎಷ್ಟು ಚೆನ್ನಾಗಿದೆ ಮಾವಾ!" ಅವಳ ಮುಖ ಕೂಸು ತೂಕ ಹಾಕಿದ ದಿನದ ಮುಖವಾಗಿತ್ತು. "ನಾನು ಇನ್ನೂ ಟೇಪಲ್ಲೇ ಒದ್ದಾಡ್ತಿದ್ದೆ."

"ಇದೇನ್ ಮಹಾ," ಎಂದು ಮಾವ ಗಡ್ಡ ಕೆರೆದುಕೊಂಡರು. ಆದರೆ ಕುರ್ಚಿಗೆ ಮರಳಿ ಹೋಗಲಿಲ್ಲ.

ಹೊಸ ತೋಳುಗಳು ಎರಡೂ ಕಡೆ ಜಾಗಕ್ಕೆ ಹೋದವು. ಸೊಸೆ ಚಕ್ರ ಕೂರುವ ನಡುವಿನ ಗುಂಬವನ್ನು ಇನ್ನೊಂದು ಜಾಕಿನಿಂದ ಕೂದಲೆಳೆಯಷ್ಟು ಎತ್ತುತ್ತಾ, ಇಳಿಸುತ್ತಾ, ತೂತಿಗೆ ತೂತು ಕೂಡಿದಾಗ ಬೋಲ್ಟನ್ನು ಬೆರಳಿನಿಂದಲೇ ಒಳಗೆ ನೂಕುತ್ತಿದ್ದಳು. ಸುತ್ತಿಗೆ ಮುಟ್ಟಲಿಲ್ಲ. ಮಾವ ಟಾರ್ಚು ಹಿಡಿದಿದ್ದರು. ಯಾರೂ ಅವರನ್ನು ಕೇಳಿರಲಿಲ್ಲ. ಟಾರ್ಚು ಅವರ ಕೈಗೆ ತಾನಾಗಿ ಬಂದಿತ್ತು. ಆ ಬೆಳಕಿನಲ್ಲಿ ಅವಳ ಕೈಯನ್ನು ನೋಡುತ್ತಾ ಅವರು ತಮ್ಮ ಗುರುವಿನ ಕೈಯನ್ನು ನೆನೆದರು. ಮರಕ್ಕೆ ನೋವಾಗದ ಹಾಗೆ ಉಳಿ ಹಿಡಿಯುತ್ತಿದ್ದ ಕೈ. ಕಬ್ಬಿಣಕ್ಕೆ ನೋವಾಗದ ಹಾಗೆ ಹಿಡಿಯುವ ಕೈಯನ್ನು ಈಗ ಕಂಡರು. ವಿದ್ಯೆ ಕೊಡುವವನು ಒಬ್ಬನೇ. ಯಾರ ಮನೆಯ ಬಾಗಿಲಿಗೆ ಯಾವ ರೂಪದಲ್ಲಿ ಕಳಿಸುತ್ತಾನೋ ಅವನಿಗೇ ಗೊತ್ತು.

ಎಲ್ಲ ನಟ್ಟುಗಳನ್ನೂ ಬೆರಳಿನಲ್ಲಿ ಬರುವಷ್ಟು ಮಾತ್ರ ತಿರುಗಿಸಿ ಬಿಟ್ಟಿದ್ದಳು. ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಊರಾಚೆಯ ಮನೆಯ ಒಬ್ಬ ತಾಯಿ. ಕೂಸು ರಾತ್ರಿಯಿಂದ ಹಾಲು ಕುಡಿಯುತ್ತಿಲ್ಲ, ಅಳುತ್ತಿದೆ. ಸೊಸೆ ಕೈ ಒರೆಸಿಕೊಂಡು ಒಳಗೆ ಹೋದಳು. "ಅಳಬೇಡಮ್ಮ, ಮೊದಲು ನೀನು ಬೆನ್ನಿಗೆ ದಿಂಬು ಕೊಟ್ಟು ಕೂತ್ಕೋ. ಕೂತ್ಯಾ? ಈಗ ಕೂಸಿನ ಹೊಟ್ಟೆ ನಿನ್ನ ಹೊಟ್ಟೆಗೆ ತಾಗ್ಲಿ..." ಎಂದು ಹೇಳುವುದು ಹೊರಗೂ ಕೇಳುತ್ತಿತ್ತು.

ಮಾವ ಟಾರ್ಚು ಹಿಡಿದು ಅಡಿಗೆ ಬಗ್ಗಿ ಒಂದೊಂದೇ ನಟ್ಟನ್ನು ನೋಡಿದರು. ಬೆರಳು ಇಟ್ಟರೆ ನಟ್ಟು ಅಲ್ಲಾಡಿತು. ಇನ್ನೊಂದೂ ಅಲ್ಲಾಡಿತು. ಪಾಪ, ಫೋನಿನ ಗಡಿಬಿಡಿಯಲ್ಲಿ ಮರೆತಿದ್ದಾಳೆ. ಸಡಿಲವಾದ ಒಂದು ಜೋಡಣೆಯನ್ನು ಬಿಟ್ಟು ಊಟಕ್ಕೆ ಎದ್ದವರಲ್ಲ ಅವರು. ಬದುಕಿನಲ್ಲಿ ಒಂದು ದಿನವೂ ಎದ್ದವರಲ್ಲ. ದೊಡ್ಡ ಪಾನಾ ತೆಗೆದುಕೊಂಡು, ಅಡಿಗೆ ಹೊಕ್ಕು, ಬಾಗಿಲು ಚೌಕಟ್ಟು ಎಬ್ಬಿಸಿದ ತೋಳಿನ ಬಲವನ್ನೆಲ್ಲ ಹಾಕಿ, ಎಡಗಡೆಯದು, ಬಲಗಡೆಯದು, ಒಳಗಿನದು, ಹೊರಗಿನದು, ಎಲ್ಲವನ್ನೂ ಬಿಗಿದುಬಿಟ್ಟರು. ಹೊರಬಂದಾಗ ಮುಖದಲ್ಲಿ ಮಸಿ, ಮನಸ್ಸಿನಲ್ಲಿ ಸಮಾಧಾನ.

ಸೊಸೆ ಬಂದಳು. "ಕುಡೀತು ಅತ್ತೆ, ಕೂಸು ಕುಡೀತು!" ಎಂದು ಬಾಗಿಲಲ್ಲೇ ಸಾರಿ, ಮತ್ತೆ ಕಾರಿನಡಿಗೆ ಜಾರಿದಳು. ಒಂದು ನಟ್ಟಿಗೆ ಬೆರಳಿಟ್ಟಳು. ಇನ್ನೊಂದಕ್ಕೆ ಇಟ್ಟಳು. ಅವಳ ಪಾದಗಳು ಅಲುಗದೆ ನಿಂತವು.

"ಏನ್ರೀ, ಆಗಲೇ 'ಕರ್ ಕರ್' ಅಂತ ಸದ್ದು ಬರ್ತಿತ್ತಲ್ಲ, ಏನದು?" ಎಂದರು ಅತ್ತೆ. ಕಣ್ಣಿಗೆ ಕಪ್ಪು ಕನ್ನಡಕ ಬಂದಮೇಲೆ ಅವರ ಕಿವಿ ಎರಡರಷ್ಟಾಗಿತ್ತು.

ಮಾವ ಗಂಟಲು ಸರಿಮಾಡಿಕೊಂಡರು. "ನಟ್ಟು ಸಡಿಲ ಇತ್ತು. ನಾನು ಬಿಗಿದೆ."

ಸೊಸೆ ಹೊರಗೆ ಬಂದು ನೆಲದ ಮೇಲೇ ಕೂತಳು. ಸಿಟ್ಟು ಬಂದಿತ್ತೋ ಇಲ್ಲವೋ ದೇವರಿಗೇ ಗೊತ್ತು; ಮುಖದಲ್ಲಿ ಕಾಣಲಿಲ್ಲ. ಅಳುವ ತಾಯಂದಿರ ಮುಂದೆ ಕೂತು ಕೂತು ಅವಳಿಗೆ ಒಂದು ಅಭ್ಯಾಸವಾಗಿತ್ತು: ತಪ್ಪು ಎಂಬ ಮಾತನ್ನು ಅವಳು ಎತ್ತುತ್ತಿರಲಿಲ್ಲ, ಪ್ರಶ್ನೆ ಕೇಳುತ್ತಿದ್ದಳು.

"ಮಾವಾ, ನೀವು ದೊಡ್ಡ ಬಾಗಿಲು ಕೂರಿಸುವಾಗ ಕೀಲಿನ ಸ್ಕ್ರೂ ಯಾವಾಗ ಬಿಗೀತೀರಿ?"

"ಯಾವಾಗ ಅಂದ್ರೆ? ಮೊದಲು ಎಲ್ಲಾನೂ ಅರೆಬರೆ ಹಾಕೋದು. ಬಾಗಿಲು ತನ್ನ ಭಾರಕ್ಕೆ ತಾನು ತೂಗಿ ಕೂರಬೇಕು. ತೆಗೆದು, ಹಾಕಿ, ತೆಗೆದು, ಹಾಕಿ ನೋಡ್ಬೇಕು. ಆಮೇಲೆ ಬಿಗಿ. ಬಾಗಿಲನ್ನ ಎತ್ತಿ ಹಿಡ್ಕೊಂಡೇ ಬಿಗಿದುಬಿಟ್ರೆ, ಬಿಟ್ಟ ಕೂಡ್ಲೆ..."

ಮಾವ ಕಾರನ್ನು ನೋಡಿದರು. ಸ್ಟ್ಯಾಂಡಿನ ಮೇಲೆ ಎತ್ತಿ ಹಿಡಿದ ಕಾರು. ಚಕ್ರದ ಗುಂಬಗಳು ಭಾರವಿಲ್ಲದೆ ಕೆಳಗೆ ಜೋತುಬಿದ್ದಿದ್ದವು.

"ಎತ್ತಿ ಹಿಡ್ಕೊಂಡೇ ಬಿಗಿದುಬಿಟ್ಟೆ ನಾನು," ಎಂದರು, ತಮಗೆ ತಾವೇ.

"ಒಳಗೆ ರಬ್ಬರ್ ಬುಷ್ ಇದೆ ಮಾವಾ. ಯಾವ ಭಂಗಿಯಲ್ಲಿ ಬಿಗಿದ್ವೋ ಅದನ್ನೇ ಅದು ಹಿಡ್ಕೊಳ್ಳುತ್ತೆ. ಜೋತುಬಿದ್ದಾಗ ಬಿಗಿದ್ರೆ, ಗಾಡಿ ಇಳಿಸಿದ ಕೂಡ್ಲೆ ತಿರುಚಿಕೊಳ್ಳುತ್ತೆ. ನಿಂತಾಗಲೂ ಓಡುವಾಗಲೂ ತಿರುಚಿಕೊಂಡೇ ಇರುತ್ತೆ. ಬೇಗ ಹರಿದುಹೋಗುತ್ತೆ."

"ಖಾಲಿ ಹೊಟ್ಟೇಲಿ ಬೆಲ್ಟು ಬಿಗಿದು ಊಟಕ್ಕೆ ಕೂತ ಹಾಗೆ," ಎಂದರು ಅತ್ತೆ ಬಾಗಿಲಿಂದ. "ನಂಗೂ ಅರ್ಥ ಆಯ್ತು."

ಮಾವ ನಗಲಿಲ್ಲ. ಪಾನಾ ಇನ್ನೂ ಅವರ ಕೈಯಲ್ಲೇ ಇತ್ತು. "ನಂದು ಹಳೇ ಚಾಳಿ ಕಣಮ್ಮಾ. ಭಾರ ಕೂರೋ ತನಕ ಕಾಯೋದು ಮರಕ್ಕೆ ಮಾತ್ರ ಕಲಿತೆ. ಮಿಕ್ಕಿದ್ದನ್ನೆಲ್ಲ ಮೊದಲೇ ಬಿಗಿದುಬಿಡ್ತೀನಿ."

"ಮದುವೆ ಆದ ದಿನದಿಂದ ಗೊತ್ತು ಬಿಡಿ," ಎಂದರು ಅತ್ತೆ.

ಸೊಸೆ ನೆಲ ನೋಡುತ್ತಾ ನಕ್ಕಳು. ಅವಳು ಈ ಮನೆಗೆ ಬಂದ ಮೊದಲ ದಿನವೇ ಅವಳ ಚೀಲಕ್ಕೆ ಯಾವ ಗೂಟ, ಸಂಜೆ ಗೇಟಿಗೆ ಯಾವಾಗ ಚಿಲಕ, ರಜೆಯ ದಿನ ಯಾವ ಕೆಲಸ ಎಂದು ಮಾವ ಎಲ್ಲವನ್ನೂ ನಿಶ್ಚಯ ಮಾಡಿಟ್ಟಿದ್ದರು. ಯಾವುದೂ ಕೆಟ್ಟದ್ದಲ್ಲ. ಆದರೆ ಅವಳು ಆಗಿನ್ನೂ ಆ ಮನೆಯಲ್ಲಿ ಒಮ್ಮೆ ಸರಿಯಾಗಿ ಕೂತೂ ಇರಲಿಲ್ಲ.

"ಬಿಚ್ಚೋದು ನಾನೇ ಬಿಚ್ತೀನಿ," ಎಂದು ಮಾವ ಮತ್ತೆ ಅಡಿಗೆ ಹೊಕ್ಕರು. "ನನ್ನ ಬಿಗಿ ನನ್ನ ಕೈಗೇ ಬರೋದು." ಅದು ನಿಜವಾಗಿತ್ತು. ಅವರು ಏದುಸಿರು ಬಿಟ್ಟುಕೊಂಡು ಒಂದೊಂದನ್ನೇ ಸಡಿಲಿಸುವಾಗ ಸೊಸೆ ಟಾರ್ಚು ಹಿಡಿದಳು. ಟಾರ್ಚು ಕೈ ಬದಲಾಯಿಸಿತ್ತು, ಅಷ್ಟೆ. ಅದರ ಬೆಳಕಿಗೆ ಯಾವ ಭೇದವೂ ಇರಲಿಲ್ಲ.

ಇನ್ನು ಉಳಿದದ್ದು ಗಾಡಿಯನ್ನು ತನ್ನ ಭಾರಕ್ಕೆ ಕೂರಿಸಿಯೂ ಅಡಿಗೆ ಮನುಷ್ಯರು ಹೋಗುವ ಹಾಗೆ ಎತ್ತರದಲ್ಲಿಡುವುದು. ಸೊಸೆ ಅದಕ್ಕೆ ಏನು ಮಾಡುವುದೆಂದು ಯೋಚಿಸುತ್ತಿದ್ದಾಗ ಮಾವ ಕೊಟ್ಟಿಗೆಯ ಬಾಗಿಲು ತೆರೆದರು. ಒಳಗೆ, ಗೋಡೆಗೆ ಒರಗಿಸಿ, ಅವರು ವರ್ಷಾನುಗಟ್ಟಲೆ ಕೂಡಿಟ್ಟ ಗಟ್ಟಿಮರದ ದಪ್ಪ ಹಲಗೆಗಳಿದ್ದವು. ಯಾರಿಗೂ ಮುಟ್ಟಲು ಬಿಟ್ಟವರಲ್ಲ. ಒಂದು ದಿನ ಒಂದು ಒಳ್ಳೆಯ ಕೆಲಸ ಬರುತ್ತದೆ, ಅದಕ್ಕೆಂದು ಇಟ್ಟದ್ದು ಎನ್ನುತ್ತಿದ್ದರು.

"ತಗೋ. ಬಂದಿದೆ ಕೆಲಸ."

ಹಲಗೆಗಳನ್ನು ಅಡ್ಡ-ಉದ್ದ ಪೇರಿಸಿ, ಕಬ್ಬಿಣದ ಪಟ್ಟಿ ಹೊಡೆದು, ನಾಲ್ಕು ಚಕ್ರಕ್ಕೂ ನಾಲ್ಕು ಜಗಲಿ ಕಟ್ಟಿದರು. ಚಕ್ರ ಒಂದಡಿ ಹಿಂದೆ ಮುಂದೆ ಉರುಳಲು ಜಾಗ, ತುದಿಗಳಲ್ಲಿ ಜಾರದ ಹಾಗೆ ತಡೆ. ಸೊಸೆ ಒಂದೊಂದರ ಮೇಲೂ ಹತ್ತಿ ಕುಣಿದು ನೋಡಿದಳು. ಒಂದು ಕಿರುಸದ್ದೂ ಬರಲಿಲ್ಲ.

ಚಕ್ರ ಹಾಕಿ, ಗಾಡಿಯನ್ನು ಜಗಲಿಗಳ ಮೇಲೆ ಇಳಿಸುವ ಹೊತ್ತಿಗೆ ಮಗ ಬಂದ. ಬೇಕರಿಯಲ್ಲಿ ಬೆಳಗಿನ ಜಾವದ ಒಲೆ ಅವನದು. ಮೈಯೆಲ್ಲ ಬ್ರೆಡ್ಡಿನ ವಾಸನೆ, ಕಣ್ಣಿನ ತುಂಬ ನಿದ್ದೆ. ಅಪ್ಪ ಮತ್ತು ಹೆಂಡತಿ ಒಂದೇ ಚಿಂದಿಯಲ್ಲಿ ಕೈ ಒರೆಸಿಕೊಳ್ಳುವುದನ್ನು ಕಂಡು ಅವನು ಗೇಟಿನಲ್ಲೇ ನಿಂತ.

"ನಮ್ಮ ಮನೇನೇ ತಾನೇ ಇದು? ನಾನೇನ್ ಮಾಡ್ಲಿ?"

"ತಳ್ಳು," ಎಂದರು ಇಬ್ಬರೂ ಒಟ್ಟಿಗೆ.

ಮಗನೂ ಹಾರ್ನ್ ಮಾಮನೂ ಗಾಡಿಯನ್ನು ಹಿಂದೆ ಮುಂದೆ ಉರುಳಿಸಿ, ಹಿಂಭಾಗವನ್ನು ಒತ್ತಿ ಒತ್ತಿ ಬಿಟ್ಟರು. ಬಾತುಕೋಳಿ ಎರಡು ಸಲ ಏದುಸಿರು ಬಿಟ್ಟು, ಮೈ ಸಡಿಲಿಸಿ, ತನ್ನ ಭಾರಕ್ಕೆ ತಾನು ಕೂತಿತು. ಆಗ ಮಾವ ಜೇಬಿಗೆ ಕೈ ಹಾಕಿದರು. ಸೊಸೆಯ ಕಣ್ಣು ಅತ್ತ ಹೋಯಿತು. ಆದರೆ ಹೊರಬಂದದ್ದು ಕೀಯಲ್ಲ, ದಾರದ ತುದಿಗೆ ಕಟ್ಟಿದ ಹಿತ್ತಾಳೆಯ ತೂಗುಗುಂಡು.

ದಾರವನ್ನು ಚಕ್ರದ ಮೇಲಿನಿಂದ ಇಳಿಬಿಟ್ಟರು. ಬೆಳಗಿನಿಂದ ಗಾಳಿ ಏಕೆ ಹೊರಟೇ ಇರಲಿಲ್ಲವೆಂಬುದು ಈಗ ತಿಳಿಯಿತು. ಗುಂಡು ಒಂದು ಸಲ ತೂಗಿ, ಇನ್ನೊಂದು ಸಲ ತೂಗಿ, ಧ್ಯಾನಕ್ಕೆ ಕೂತ ಹಾಗೆ ನಿಂತುಬಿಟ್ಟಿತು. ದಾರಕ್ಕೂ ಚಕ್ರದ ತಲೆಗೂ ಎಷ್ಟು ಅಂತರ, ಪಾದಕ್ಕೂ ಎಷ್ಟು ಅಂತರ ಎಂದು ನೋಡಿದರೆ ಸಾಕು, ವಾಲು ತಾನಾಗಿ ಕಾಣುತ್ತಿತ್ತು.

"ಪೂರ್ತಿ ನೆಟ್ಟಗೆ ಬೇಡ ಮಾವಾ. ತಲೆ ಒಂಚೂರು ಒಳಗಿರ್ಬೇಕು, ಅದೇ ಅದರ ಸರಿ. ಎರಡೂ ಕಡೆ ಒಂದೇ ಸಮ ಇದ್ರೆ ಆಯ್ತು."

"ಎಷ್ಟು ಒಂಚೂರು?"

"ಕೂಸಿನ ಉಗುರಿನಷ್ಟು."

ಅದು ಅಳತೆಯಾಯಿತು. ಅವಳು ಅಡಿಯಲ್ಲಿ ನಟ್ಟು ತಿರುಗಿಸಿ ಹೊರಬರುವಳು. ಗಂಡ ಗಾಡಿಯನ್ನು ಉರುಳಿಸುವನು. ಗುಂಡು ನಿಲ್ಲುವ ತನಕ ನಾಲ್ವರೂ ಉಸಿರು ಹಿಡಿಯುವರು. ಮಾವ ಒಂದು ಕಣ್ಣು ಮುಚ್ಚಿ ನೋಡಿ "ಇನ್ನೂ", "ಇನ್ನೂ", "ಹೆಚ್ಚಾಯ್ತು", "ಹಾಂ" ಎನ್ನುವರು. ಮಧ್ಯಾಹ್ನ ಹೋದದ್ದು ಗೊತ್ತಾಗಲಿಲ್ಲ. ಎರಡೂ ಕಡೆ ಸರಿಸಮ ಬಂದಮೇಲೆ ಸೊಸೆ ಹಾರ್ನ್ ಮಾಮನ ರೆಂಚು ಹಿಡಿದು ಕೊನೆಯ ಬಿಗಿ ಹಾಕಿದಳು.

ಟಕ್.

"ಇಷ್ಟೇನಾ?" ಎಂದರು ಮಾವ. "ನಾನು ಇದರ ಮೂರರಷ್ಟು ಬಿಗಿದಿದ್ದೆ."

"ಇಷ್ಟೇ ಸಾಕಂತೆ ಮಾವಾ." ಟಕ್. ಟಕ್. ಕೊನೆಯ ಟಕ್‌ಗೆ ಬಾಗಿಲಲ್ಲಿದ್ದ ಅತ್ತೆ ಕೈಮುಗಿದರು.

ಗಾಡಿಯನ್ನು ನೆಲಕ್ಕಿಳಿಸಿದಾಗ ಅದರ ಹಿಂಭಾಗ ನೋಡಲು ಹೊಸದಾಗಿತ್ತು. ಚಕ್ರಗಳು ನೆಲದ ಮೇಲೆ ಎರಡು ಪಾದ ಊರಿ ನಿಂತವರ ಹಾಗೆ ನಿಂತಿದ್ದವು. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಅಲೈನ್‌ಮೆಂಟ್ ಅಂಗಡಿಯಲ್ಲಿ ಮಿಷನ್ನಿಗೆ ಕೊಟ್ಟು ಇನ್ನೊಮ್ಮೆ ನೋಡಿಸುತ್ತೇನೆ ಎಂದಳು ಸೊಸೆ. ಮಾವ ತಲೆಯಾಡಿಸಿದರು. ಕೀ ಇನ್ನೂ ಕೈಗೆ ಬಾರದೆಯೇ ಆಸ್ಪತ್ರೆಗೆ ಹೋಗುವ ಮಾತಾಡಿದ್ದನ್ನು ಅವಳೂ ಗಮನಿಸಲಿಲ್ಲ, ಅವರೂ ತಿದ್ದಲಿಲ್ಲ.

ಹಾರ್ನ್ ಮಾಮ ಗಡಿಯಾರ ನೋಡಿಕೊಂಡ. "ಏನಯ್ಯಾ ಬಡಗಿ, ಗುಜರಿಯವನು ಹೊರಡೋ ಹೊತ್ತಾಯ್ತು. ಬರ್ಲಾ ಅಂತ ಕೇಳ್ತಿದ್ದಾನೆ."

"ಯಾಕೆ ಬರ್ತಾನೆ?"

"ಬಾತುಕೋಳಿ ಒಯ್ಯೋಕೆ!"

"ಇಲ್ಲಿ ಯಾವ ಬಾತುಕೋಳಿ ಇದೆ? ಕಣ್ಣಿನ ಪೊರೆ ನಿಂಗೂ ಬಂದಿದ್ಯೇನೋ, ತೋರಿಸ್ಕೋ."

ಹಾರ್ನ್ ಮಾಮ ಅತ್ತೆಯ ನಗು ಕೇಳುತ್ತಲೇ, ಗುಜರಿಯವನಿಗೆ ಬರಬೇಡ ಎನ್ನಲು ಫೋನು ತೆಗೆದುಕೊಂಡು ತನ್ನ ಅಂಗಳಕ್ಕೆ ಹೋದ.

ಸೊಸೆ ಮುಂದಿನ ಸೀಟಿನಲ್ಲಿ ಕೂತು ಹ್ಯಾಂಡ್ ಬ್ರೇಕು, ಗೇರು ಒಮ್ಮೆ ನೋಡಿದಳು. ಮಗ ಆಕಳಿಸುತ್ತಾ ಬಾಗಿಲ ಹತ್ತಿರ ಬಂದು ನಿಂತ. "ಇಳಿ, ಅಪ್ಪ ಹೇಳಿದ್ದಾರಲ್ಲ, ನಾನು ಓಡಿಸ್ಬೇಕಂತೆ." ಅವಳು ಇಳಿಯಲು ಒಂದು ಕಾಲು ಹೊರಗಿಟ್ಟಳು.

ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆದು ಮುಚ್ಚಿತು. ಮಾವ ಒಳಗೆ ಬಂದು, ಅವತ್ತು ಕೂತಿದ್ದ ಕಡೆಯೇ ಕೂತಿದ್ದರು. ಪಕ್ಕದಲ್ಲಿ ಬೆಲ್ಟು ಕಟ್ಟಿಕೊಂಡ ಕೂಸಿನ ತಕ್ಕಡಿ. ಅವರು ಅದನ್ನು ಸ್ವಲ್ಪ ಸರಿಸಿ, ತಮ್ಮ ಬೆನ್ನನ್ನು ಸೀಟಿಗೆ ಒರಗಿಸಿದರು.

"ನೀನು ಹೋಗಿ ಮಲ್ಕೋ," ಎಂದರು ಮಗನಿಗೆ.

ಸೊಸೆ ಹೊರಗಿಟ್ಟ ಕಾಲನ್ನು ಒಳಗೆ ತೆಗೆದುಕೊಂಡಳು. ತಿರುಗಿ ನೋಡಲಿಲ್ಲ. ಹಿಂದಿನಿಂದ ಒಂದು ಕೈ ಅವಳ ಭುಜದ ಪಕ್ಕಕ್ಕೆ ಬಂದು ನಿಂತಿತು. ಮಸಿ ಹಿಡಿದ ಅಂಗೈ, ಅದರ ಮೇಲೆ ಕೀ. ಹಿಂದೆ ಅವಳು ಕೀಗೆ ಕಟ್ಟಿದ್ದ ಹಳೆಯ ದಾರ ಅದರಲ್ಲಿರಲಿಲ್ಲ. ಅದರ ಜಾಗದಲ್ಲಿ ಗಟ್ಟಿಮರದ ಒಂದು ಸಣ್ಣ ಬಿಲ್ಲೆ, ಬಾತುಕೋಳಿಯ ಆಕಾರಕ್ಕೆ ಕೆತ್ತಿದ್ದು. ಇವತ್ತು ಮಾಡಿದ್ದಲ್ಲ, ಅದರ ಅಂಚುಗಳು ಎಷ್ಟೋ ದಿನ ಜೇಬಿನಲ್ಲಿ ಉಜ್ಜಿ ಉಜ್ಜಿ ನುಣುಪಾಗಿದ್ದವು.

ಅವಳು ತೆಗೆದುಕೊಂಡಳು. ಕೈ ಮೆಲ್ಲಗೆ ಹಿಂದೆ ಸರಿಯಿತು.